ಸೂಪರ್‌ಹೀರೋ ಹರಟೆಗೆ ಕೂಡುವ ಮುನ್ನ

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲೋ ಧಾರವಾಡದ ಕರ್ನಾಟಕ ಕಾಲೇಜು (ಕೆಸಿಡಿ) ಮೈದಾನದಲ್ಲೋ ಭಾನುವಾರ ಸಂಜೆ ಆರೇಳು ಮಂದಿ ಕೂತು ಸೂಪರ್‌ಹೀರೋ ಸಿನಿಮಾ ಮಾತಾಡಬೇಕೆಂದರೆ, ಬಾಯಿ ತೆರೆಯುವ ಮೊದಲೇ ಒಂದು ವಿಷಯ ತೀರ್ಮಾನವಾಗಬೇಕು. ಯಾವ ಆವೃತ್ತಿಯ ಲೆಕ್ಕ ಹಿಡಿದು ಮಾತು? ಇದನ್ನು ಬಿಟ್ಟು ಶುರು ಮಾಡಿದರೆ ಅರ್ಧ ತಾಸಿನಲ್ಲಿ ಇಬ್ಬರು ಕೂಗಾಡುತ್ತಿರುತ್ತಾರೆ, ಇಬ್ಬರೂ ಹೇಳುತ್ತಿರುವುದು ಸರಿಯೇ ಇರುತ್ತದೆ.

ಸ್ಪೈಡರ್‌ಮ್ಯಾನ್‌ನ ಬಲೆಯನ್ನೇ ತೆಗೆದುಕೊಳ್ಳಿ. ಕಾಮಿಕ್‌ನಲ್ಲಿ ಅದು ಹುಡುಗ ತಾನೇ ತಯಾರಿಸಿ ಮಣಿಕಟ್ಟಿಗೆ ಕಟ್ಟಿಕೊಂಡ ಯಂತ್ರ. 2002ರ ಸಿನಿಮಾದಲ್ಲಿ ಬಲೆ ಕೈಯಿಂದಲೇ ಬರುತ್ತದೆ. ಮುಂದಿನ ನಟರ ಸಿನಿಮಾಗಳಲ್ಲಿ ಮತ್ತೆ ಯಂತ್ರ. ಕ್ಯಾಪ್ಟನ್ ಅಮೆರಿಕದ ಗುರಾಣಿಯೂ ಹೀಗೆಯೇ: ಸಿನಿಮಾದಲ್ಲಿ ಅಪ್ಪಟ ವೈಬ್ರೇನಿಯಂ ಎಂಬ ಕಾಲ್ಪನಿಕ ಲೋಹ, ಕಾಮಿಕ್‌ನಲ್ಲಿ ಉಕ್ಕು ಬೆರೆತ ಮಿಶ್ರಲೋಹ. ಮಾರ್ವೆಲ್ ಕಥೆಗಳಲ್ಲಿ ಸಮಾನಾಂತರ ಭೂಮಿಗಳು ಹಲವು, ಒಂದೊಂದಕ್ಕೂ ಒಂದು ಸಂಖ್ಯೆ. ಮಾರ್ವೆಲ್ ಸಿನಿಮಾಗಳ ಭೂಮಿಗೆ ಕಾಮಿಕ್‌ನವರು ಕೊಟ್ಟ ಸಂಖ್ಯೆ 199999. ಆದರೆ 2022ರ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ ಅದೇ ಭೂಮಿಯನ್ನು 616 ಎಂದರು. ಮೂಲ ಕಾಮಿಕ್ ಲೋಕದ ಸಂಖ್ಯೆಯೂ 616. ಇನ್ನು ಜಗಳ ಆಗದೆ ಇರುತ್ತದೆಯೇ?

ಹಾಗಾಗಿ ವಾದ ಎತ್ತುವವರು ಮೊದಲು ಮೂರು ಮಾತು ಹೇಳಬೇಕು: ಪಾತ್ರ, ಮಾಧ್ಯಮ, ವರ್ಷ. “ಹಲ್ಕ್, ಸಿನಿಮಾ, 2012.” ಅಥವಾ “ಹಲ್ಕ್, ಕಾಮಿಕ್, 1962.” ಈ ಎರಡರಲ್ಲಿ ಮೈಬಣ್ಣವೇ ಬೇರೆ. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದುಬಣ್ಣದವನು. ಮುದ್ರಣದಲ್ಲಿ ಆ ಬೂದು ಒಂದು ಪುಟಕ್ಕೆ ತಿಳಿಯಾಗಿ, ಇನ್ನೊಂದಕ್ಕೆ ಕಪ್ಪಾಗಿ ಬಂತು. ಎರಡನೇ ಸಂಚಿಕೆಯಿಂದ ಹಸಿರು ಮಾಡಿಬಿಟ್ಟರು. ಪ್ರೆಸ್‌ಗಳ ಊರಾದ ಗದಗಿನಿಂದ ಬಂದವರು ಗುಂಪಿನಲ್ಲಿದ್ದರೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. “ಕಾಮಿಕ್‌ನಾಗ ಐತಿ” ಎಂದಷ್ಟೇ ಹೇಳಿದರೆ ಲೆಕ್ಕಕ್ಕಿಲ್ಲ. ಯಾವ ಸಂಚಿಕೆ ಅಂತ ಹೇಳಬೇಕು, ಇಲ್ಲವೇ ಮೊಬೈಲಿನಲ್ಲಿ ಪುಟ ತೋರಿಸಬೇಕು.

ಒಂದೇ ಸಿನಿಮಾ ನೋಡಿದವರಲ್ಲೂ ಆವೃತ್ತಿ ಬೇರೆ ಇರಬಹುದು. 2025ರ ಸೂಪರ್‌ಮ್ಯಾನ್ ಸಿನಿಮಾದಲ್ಲಿ ನಮ್ಮ ಸೆನ್ಸಾರ್ ಮಂಡಳಿ ಚುಂಬನದ ದೃಶ್ಯದಿಂದ 33 ಸೆಕೆಂಡ್ ತೆಗೆಸಿತ್ತು. “ಆ ದೃಶ್ಯ ಇಲ್ಲೇ ಇಲ್ಲ” ಎಂದು ಥಿಯೇಟರಿನಲ್ಲಿ ನೋಡಿದವರು ವಾದಿಸಿದರೆ ಅವರ ತಪ್ಪಲ್ಲ. ಡಬ್ಬಿಂಗ್‌ನಲ್ಲೂ ಮಾತು ಬದಲಾಗುತ್ತದೆ. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಕನ್ನಡವೂ ಸೇರಿ 10 ಭಾಷೆಗಳಲ್ಲಿ ಬಂದಿತ್ತು. ಕನ್ನಡದಲ್ಲಿ ನೋಡಿದವರಿಗೂ ಇಂಗ್ಲಿಷಿನಲ್ಲಿ ನೋಡಿದವರಿಗೂ ಒಂದೇ ನಗೆಮಾತು ನೆನಪಿರಬೇಕೆಂದಿಲ್ಲ. ಯಾರು ಯಾವುದರಲ್ಲಿ ನೋಡಿದ್ದು ಎಂದು ಮೊದಲೇ ಕೇಳಿಬಿಡಿ.

ಇನ್ನು ಸ್ಪಾಯ್ಲರ್, ಅಂದರೆ ಸಿನಿಮಾ ನೋಡದವರಿಗೆ ಕಥೆಯ ಗುಟ್ಟು ಬಿಟ್ಟುಕೊಡುವ ಮಾತು. ಬೆಂಗಳೂರಿನ ಗುಂಪುಗಳು ನಾಲ್ಕು ದಿನ ಬಾಯಿ ಮುಚ್ಚಿಕೊಂಡರೆ ಸಾಕು ಎನ್ನುತ್ತವೆ. ಇಲ್ಲಿ ಅದು ನಡೆಯುವುದಿಲ್ಲ. ಇಂಗ್ಲಿಷ್ ಆವೃತ್ತಿಗೆ ಹಾವೇರಿ, ಗದಗಿನವರು ಹೆಚ್ಚಾಗಿ ಹುಬ್ಬಳ್ಳಿಗೇ ಬರಬೇಕು, ಬರುವುದೂ ರಜೆಯ ದಿನ. ಮೊದಲ ಭಾನುವಾರ ಟಿಕೆಟ್ ಸಿಗದಿದ್ದರೆ ಮುಂದಿನ ಭಾನುವಾರವೇ ಗತಿ. ಆದ್ದರಿಂದ ಎರಡು ಭಾನುವಾರ ಕಳೆದ ಮೇಲಿನ ಸೋಮವಾರದಿಂದ ಮಾತು ಮುಕ್ತ ಎಂದು ಇಟ್ಟುಕೊಳ್ಳಿ. ವಾರಕ್ಕೊಂದು ಕಂತು ಬರುವ ಸರಣಿಗೆ ಮೂರು ದಿನ ಸಾಕು, ಇಲ್ಲದಿದ್ದರೆ ಮುಂದಿನ ಕಂತು ಬಂದು ಮಾತೇ ಹಳಸುತ್ತದೆ.

ವಾಟ್ಸಾಪ್‌ನಲ್ಲಿ ಗುಟ್ಟು ಸೋರುವುದು ಸಾಮಾನ್ಯವಾಗಿ ನೋಟಿಫಿಕೇಷನ್‌ನಿಂದ. ಚಾಟ್ ತೆರೆಯದಿದ್ದರೂ ಮೊದಲ ಸಾಲು ಲಾಕ್ ಸ್ಕ್ರೀನ್ ಮೇಲೆ ಕಾಣುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ ‘ಸ್ಪಾಯ್ಲರ್’ ಎಂಬ ಪದ ಮತ್ತು ಸಿನಿಮಾದ ಹೆಸರು ಮಾತ್ರ ಇರಲಿ. ಕೆಳಗೆ ಒಂದೊಂದೇ ಚುಕ್ಕಿಯ ಇಪ್ಪತ್ತು ಮೂವತ್ತು ಸಾಲು ಬಿಟ್ಟು ವಿಷಯ ಬರೆಯಿರಿ. ಚಿತ್ರ ಕಳಿಸುವುದಾದರೆ ಒಮ್ಮೆ ಮಾತ್ರ ನೋಡುವ ಆಯ್ಕೆ ಒತ್ತಿ ಕಳಿಸಿ, ಆಗ ಚಾಟ್‌ನಲ್ಲಿ ಚಿತ್ರ ತಾನಾಗಿ ಕಾಣುವುದಿಲ್ಲ. ಟೆಲಿಗ್ರಾಮ್‌ನಲ್ಲಿ ಇಷ್ಟು ಕಸರತ್ತು ಬೇಡ: ಬರೆದ ಪದಗಳನ್ನು ಆಯ್ದು ಫಾರ್ಮ್ಯಾಟ್‌ನಲ್ಲಿ ಸ್ಪಾಯ್ಲರ್ ಒತ್ತಿದರೆ ಮಾತು ಮಸುಕಾಗುತ್ತದೆ, ಬೇಕಾದವರು ಮುಟ್ಟಿ ಓದುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಸ್ಟಿಕ್ಕರ್. ಮೊದಲ ದಿನ ನೋಡಿ ಬಂದವನು ಒಂದು ಅಳುಮುಖದ ಸ್ಟಿಕ್ಕರ್ ಹಾಕಿದರೂ “ಯಾರೋ ಸತ್ತಾರಲೇ” ಎಂದು ಗುಂಪಿಗೆಲ್ಲ ಗೊತ್ತಾಗುತ್ತದೆ.

ಸುದ್ದಿ ಸೋಸುವ ಕೆಲಸಕ್ಕೆ ಒಬ್ಬರನ್ನು ನೇಮಿಸಿ. ನಾಲ್ಕು ಮಂದಿ ನಾಲ್ಕು ವಿಡಿಯೋ ನೋಡಿ ಬಂದು ಮಾತಾಡಿದರೆ ಒಂದೇ ವದಂತಿ ನಾಲ್ಕು ಸಾಕ್ಷಿ ಹೊತ್ತು ನಿಜವಾಗಿಬಿಡುತ್ತದೆ. ನೇಮಕಗೊಂಡವರು ಪ್ರತಿ ಸುದ್ದಿಯ ಮೊದಲ ಮೂಲ ಹುಡುಕಬೇಕು. ಸ್ಟುಡಿಯೋ ತಾನೇ ಹೇಳಿದ್ದರೆ ಖಚಿತ. ವೆರೈಟಿ, ಡೆಡ್‌ಲೈನ್, ಹಾಲಿವುಡ್ ರಿಪೋರ್ಟರ್‌ನಂಥ ಉದ್ಯಮ ಪತ್ರಿಕೆಗಳು ಬರೆದಿದ್ದರೆ ಕ್ರಿಯಾಪದ ನೋಡಿ: ‘ಮಾತುಕತೆಯಲ್ಲಿದ್ದಾರೆ’ ಎಂದರೆ ಇನ್ನೂ ಸಹಿ ಬಿದ್ದಿಲ್ಲ. ‘ಬಲ್ಲ ಮೂಲಗಳು’ ಎನ್ನುವ ಯೂಟ್ಯೂಬ್ ಚಾನೆಲ್ ಆದರೆ ಅದನ್ನು ಊಹೆ ಎಂದೇ ಕರೆದು ಮಜಾ ತಗೊಳ್ಳಿ. ಟ್ರೇಲರ್ ಬಂದರೆ ಸ್ಟುಡಿಯೋದ ಚಾನೆಲ್‌ನಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ವಿವರಣೆಯ ತಳಭಾಗಕ್ಕೆ ಇಳಿಯಿರಿ. ‘ಕಾನ್ಸೆಪ್ಟ್’ ಎಂಬ ಪದ ಅಲ್ಲೆಲ್ಲೋ ಸಣ್ಣಗೆ ಅಡಗಿರುತ್ತದೆ. ಹಳೆಯ ಸಿನಿಮಾಗಳ ತುಣುಕು ಜೋಡಿಸಿದ್ದು, ಎಐ ಮುಖ ಅಂಟಿಸಿದ್ದು ಇದೇ ಹೆಸರಿನಲ್ಲಿ ಓಡಾಡುತ್ತದೆ.

ಗಡಿಯಾರವೂ ಒಳ್ಳೆಯ ಜರಡಿ. ಪ್ರತಿ ಜುಲೈನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕಾಮಿಕ್‌ಕಾನ್ ಎಂಬ ಅಭಿಮಾನಿಗಳ ಮೇಳ ನಡೆಯುವಾಗ ಆ ಊರು ನಮಗಿಂತ ಹನ್ನೆರಡೂವರೆ ತಾಸು ಹಿಂದಿರುತ್ತದೆ. ಅಲ್ಲಿ ಶನಿವಾರ ಸಂಜೆ 6 ಎಂದರೆ ಹುಬ್ಬಳ್ಳಿಯಲ್ಲಿ ಭಾನುವಾರ ಬೆಳಗಿನ 6.30. 2024ರ ಜುಲೈ 27ರ ಸಂಜೆ ಐರನ್ ಮ್ಯಾನ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್ ಖಳನಾಯಕ ಡಾಕ್ಟರ್ ಡೂಮ್ ಆಗುತ್ತಾರೆಂದು ಅಲ್ಲಿ ಘೋಷಿಸಿದಾಗ ಇಲ್ಲಿ ಆಗಲೇ 28 ಬೆಳಗಾಗಿತ್ತು. ಶನಿವಾರ ಸಂಜೆಯ ಕಾರ್ಯಕ್ರಮದ ಘೋಷಣೆ ನಮ್ಮ ಶನಿವಾರ ರಾತ್ರಿಯೇ ಬಂತೆಂದರೆ ಅದು ಗಾಳಿಮಾತು.

ಬಿಡುಗಡೆ ದಿನಾಂಕವನ್ನು ಪೆನ್ನಿನಲ್ಲಿ ಬರೆದುಕೊಳ್ಳಬೇಡಿ. ಮುಂದಿನ ಅವೆಂಜರ್ಸ್ ಸಿನಿಮಾ ಮೊದಲು 2025ರ ಮೇ 2ಕ್ಕೆ, ‘ದ ಕಾಂಗ್ ಡೈನಸ್ಟಿ’ ಎಂಬ ಹೆಸರಿನಲ್ಲಿ ನಿಗದಿಯಾಗಿತ್ತು. ಅಲ್ಲಿಂದ 2026ರ ಮೇ 1ಕ್ಕೆ ಜಾರಿತು, ಹೆಸರು ‘ಡೂಮ್ಸ್‌ಡೇ’ ಆಯಿತು, ಆಮೇಲೆ 2026ರ ಡಿಸೆಂಬರ್ 18ಕ್ಕೆ ಹೋಯಿತು.

“ಕಾರ್ಟೂನ್ ಹುಡುಗರದು, ಅದನ್ನ ಬಿಡು” ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ ಜೋಕರ್ ಎಂಬ ಖಳನ ಜೊತೆಗಾತಿ ಹಾರ್ಲಿ ಕ್ವಿನ್ ಹುಟ್ಟಿದ್ದು ಎಲ್ಲಿ ಎಂದು ಕೇಳಿ. 1992ರ ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿಯಲ್ಲಿ. ಕಾಮಿಕ್, ಸಿನಿಮಾ ಎಲ್ಲ ಆಮೇಲೆ. 1938ರ ಮೊದಲ ಕಾಮಿಕ್‌ನ ಸೂಪರ್‌ಮ್ಯಾನ್‌ಗೂ ಹಾರಲು ಬರುತ್ತಿರಲಿಲ್ಲ, ಜಿಗಿಯುತ್ತಿದ್ದ, ಒಂದು ನೆಗೆತಕ್ಕೆ ಸುಮಾರು 200 ಮೀಟರ್. ಹಾರಾಟ ಜನಪ್ರಿಯವಾದದ್ದರಲ್ಲಿ 1941ರಿಂದ ಬಂದ ಫ್ಲೈಶರ್ ಸ್ಟುಡಿಯೋದ ಕಾರ್ಟೂನುಗಳ ಪಾಲು ದೊಡ್ಡದು.

‘ಯಾರು ಗೆಲ್ಲುತ್ತಾರೆ’ ಆಟಕ್ಕೆ ಆವೃತ್ತಿಯ ಜೊತೆ ಇನ್ನೂ ಮೂರು ಷರತ್ತು ಬೇಕು: ಜಾಗ, ತಯಾರಿಗೆ ಎಷ್ಟು ಸಮಯ, ಸೋಲು ಎಂದರೆ ಏನು. ಸಾಯಬೇಕೋ, ಎಚ್ಚರ ತಪ್ಪಿದರೆ ಸಾಕೋ, ಓಡಿಹೋದರೂ ಸೋಲೋ? ಥೋರ್ ಮತ್ತು ಸೂಪರ್‌ಮ್ಯಾನ್ ಎದುರಾದರೆ ಕಾಮಿಕ್ ಲೆಕ್ಕದಲ್ಲಿ ಥೋರ್‌ನ ಸುತ್ತಿಗೆಯಂಥ ಮಾಯಾಶಕ್ತಿಯ ಎದುರು ಸೂಪರ್‌ಮ್ಯಾನ್‌ಗೆ ವಿಶೇಷ ರಕ್ಷಣೆಯಿಲ್ಲ. ಅವನ ಬಲ ಬರುವುದು ನಮ್ಮ ಹಳದಿ ಸೂರ್ಯನಿಂದ, ಕೆಂಪು ಸೂರ್ಯನ ಲೋಕದಲ್ಲಾದರೆ ಆ ಬಲವೇ ಇಳಿಯುತ್ತದೆ. ಬ್ಯಾಟ್‌ಮ್ಯಾನ್‌ಗೆ ಒಂದು ವಾರ ಸಮಯ ಕೊಟ್ಟರೆ ಅವನ ಅಭಿಮಾನಿಗಳು ಅವನನ್ನು ಯಾರ ಎದುರಾದರೂ ಗೆಲ್ಲಿಸುತ್ತಾರೆ, ಆದ್ದರಿಂದ ಒಂದು ತಾಸಿಗಿಂತ ಹೆಚ್ಚು ಕೊಡಬೇಡಿ.

ಎಂಟು ಮಂದಿಗಿಂತ ಹೆಚ್ಚಾದರೆ ಮಾತು ಎರಡು ಹೋಳಾಗುತ್ತದೆ. ಎಂಟು ಮಂದಿಯ ಗಿರ್ಮಿಟ್‌ಗೆ ಅರ್ಧ ಕೆಜಿ ಚುರುಮುರಿ ಸಾಕು. ಗೊಜ್ಜು ಬೇರೆ ಡಬ್ಬಿಯಲ್ಲಿರಲಿ. ಬೆರೆಸಿಟ್ಟು ವಾದಕ್ಕೆ ಕೂತರೆ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ.

ಹೊಸಬರು ಬಂದರೆ ಮೂವತ್ತು ಸಿನಿಮಾಗಳ ಪಟ್ಟಿ ಕೊಟ್ಟು ಓಡಿಸಬೇಡಿ. ಮಾರ್ವೆಲ್ ಮಾತು ತಿಳಿಯಲು ಐದು ಸಾಕು: ಐರನ್ ಮ್ಯಾನ್ (2008, 126 ನಿಮಿಷ), ದ ಅವೆಂಜರ್ಸ್ (2012, 143), ಸಿವಿಲ್ ವಾರ್ (2016, 147), ಇನ್ಫಿನಿಟಿ ವಾರ್ (2018, 149), ಎಂಡ್‌ಗೇಮ್ (2019, 181). ಒಟ್ಟು 746 ನಿಮಿಷ. ಮೊದಲ ಮೂರು ಒಂದು ಭಾನುವಾರಕ್ಕೆ, ಏಳು ತಾಸಿಗೆ ನಾಲ್ಕು ನಿಮಿಷ ಕಡಿಮೆ. ಉಳಿದೆರಡು ಮುಂದಿನ ಭಾನುವಾರಕ್ಕೆ, ಐದೂವರೆ ತಾಸು. ಕೊನೆಯ ಎರಡರ ನಡುವೆ ವಾರದ ಅಂತರ ಬಿಡಬೇಡಿ, ಅವು ಒಂದೇ ಕಥೆಯ ಎರಡು ತುಂಡು. ಮೊದಲ ನಾಲ್ಕರಲ್ಲಿ ಹೆಸರುಗಳು ಓಡುವಾಗಲೋ ಮುಗಿದ ಮೇಲೋ ಹೆಚ್ಚುವರಿ ದೃಶ್ಯ ಇದೆ, ಎದ್ದು ಹೋಗಬಾರದು. ಎಂಡ್‌ಗೇಮ್‌ನಲ್ಲಿ ದೃಶ್ಯವಿಲ್ಲ, ತೀರಾ ಕೊನೆಗೆ ಸುತ್ತಿಗೆ ಬಡಿದ ಸದ್ದಷ್ಟೇ. ಹಾವೇರಿಯ ಬಸ್ಸು ಹಿಡಿಯಬೇಕಾದವರು ಅದಕ್ಕೆ ಕಾಯದೆ ಹೊರಡಬಹುದು.