ನೀರುಗುಳ್ಳೆಯ ಹಸುವನ್ನು ನಾನು ನೋಡುವ ರೀತಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಟ್ಟಿಗಳಿಂದ ಪಶುವೈದ್ಯನಾದ ನನಗೆ ಬರುವ ಕರೆಗಳಲ್ಲಿ ಇದೊಂದು ಮಾಮೂಲು: "ಡಾಕ್ಟರೇ, ಹಸು ಹತ್ತು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಗಬ್ಬ ಮಾತ್ರ ನಿಲ್ಲುವುದಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಹೋಗಿ." ಬೆದೆಯ ಚಕ್ರ ಸಾಮಾನ್ಯವಾಗಿ 21 ದಿನದ್ದು. ಅದು ಹೀಗೆ ಕೆಟ್ಟಿದ್ದರೆ, ಬಾಲದ ಬುಡ ಎತ್ತಿಕೊಂಡು ಅದರ ಎರಡು ಪಕ್ಕ ಕುಳಿಬಿದ್ದಿದ್ದರೆ, ಅಂಡಾಶಯದಲ್ಲಿ ನೀರುಗುಳ್ಳೆಯ ಸಂಶಯ ಬರುವುದು ಸಹಜ. ಬೆದೆಯೇ ಕಾಣಿಸದೆ ಸುಮ್ಮನಿರುವ ಹಸುಗಳಲ್ಲೂ ಗುಳ್ಳೆ ಇರುತ್ತದೆ; ಅವುಗಳ ಬಗ್ಗೆ ಯಾರೂ ಬೇಗ ಕರೆ ಮಾಡುವುದಿಲ್ಲ.

ಕೈಗವಸು ಹಾಕುವ ಮೊದಲು ನನ್ನದು ಪ್ರಶ್ನೆಗಳು. ಕರು ಹಾಕಿ ಎಷ್ಟು ದಿನವಾಯಿತು? ಕಸ (ಮಾಸು) ಸರಿಯಾಗಿ ಬಿದ್ದಿತ್ತೇ? ಕರು ಹಾಕುವಾಗ ಮೈ ಹೇಗಿತ್ತು, ಆಮೇಲೆ ಎಷ್ಟು ಇಳಿಯಿತು? ಹಿಂಡಿಯನ್ನು ಮೂಸಿ ಬಿಟ್ಟು ಬೈಹುಲ್ಲು ಮಾತ್ರ ಎಳೆದ ದಿನಗಳಿದ್ದವೇ? ಕೊನೆಯ ಪ್ರಶ್ನೆಗೆ "ಹೌದು" ಎಂಬ ಉತ್ತರ ಬಂದರೆ ನನ್ನ ಕಿವಿ ನಿಮಿರುತ್ತದೆ. ಹಿಂಡಿ ಬೇಡವೆನ್ನುವುದು, ಮೈಯ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಎಂಬ ವಸ್ತು ಏರುವ ತೊಂದರೆಯಾದ ಕೀಟೋಸಿಸ್‌ನ ಹಳೆಯ ಗುರುತು.

ಪೆರ್ಲದ ಸಮೀಪದ ಒಂದು ಹಟ್ಟಿಯಲ್ಲಿ ಎಚ್‌ಎಫ್ ಮಿಶ್ರತಳಿಯ ಹಸುವಿನ ಒಡತಿ ನನಗೆ ಉತ್ತರದ ಬದಲು ಹಾಲಿನ ಸೊಸೈಟಿಯ ಚೀಟಿಗಳನ್ನೇ ತಂದು ಕೊಟ್ಟರು. "ನೋಡಿ ಡಾಕ್ಟರೇ, ಕರು ಹಾಕಿದ ಮೊದಲ ತಿಂಗಳು ಫ್ಯಾಟ್ ಎಷ್ಟು ಚೆನ್ನಾಗಿ ಬಂದಿದೆ!" ಅವರಿಗೆ ಹೆಮ್ಮೆ, ನನಗೆ ಸುಳಿವು. "ಅಕ್ಕಾ, ಇದು ಹಿಂಡಿಯಿಂದ ಬಂದ ಕೊಬ್ಬಲ್ಲ, ಹಸು ತನ್ನ ಮೈಯನ್ನೇ ಕರಗಿಸಿ ಕೊಟ್ಟದ್ದು" ಎಂದೆ. ಹಾಲು ಏರುವ ವೇಗಕ್ಕೆ ಹೊಟ್ಟೆಗೆ ಹೋಗುವ ಮೇವು ಸಾಲದಿದ್ದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ಇಳಿಯುತ್ತದೆ. ಒಂದು ಪಾಲು ಹಾಲಿನ ಫ್ಯಾಟ್ ಆಗುತ್ತದೆ, ಯಕೃತ್ತು ಪೂರ್ತಿ ಸುಡಲಾಗದೆ ಉಳಿಸಿದ್ದು ಕೀಟೋನ್ ಆಗುತ್ತದೆ. ಅದೇ ಹೊತ್ತಿಗೆ ರಕ್ತದಲ್ಲಿ ಇನ್ಸುಲಿನ್ ಮತ್ತು ಐಜಿಎಫ್-1 ಎಂಬ ಹಾರ್ಮೋನುಗಳು ತಗ್ಗುತ್ತವೆ. ಅಂಡಾಶಯದ ಕೋಶಿಕೆ (ಅಂಡ ಬೆಳೆಯುವ ನೀರಿನ ಚೀಲ) ಸರಿಯಾಗಿ ಮಾಗಲು ಇವೆರಡರ ಆಸರೆ ಬೇಕು. ಮಾಗಿದ ಕೋಶಿಕೆ ಒಡೆಯಬೇಕಾದರೆ ಮೆದುಳಿನ ಬುಡದ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನ್ ಒಮ್ಮೆಲೇ ಉಕ್ಕಿ ಬರಬೇಕು. ಆ ಉಕ್ಕು ತಪ್ಪಿದರೆ ಕೋಶಿಕೆ ಒಡೆಯದೆ ಊದುತ್ತಾ ಹೋಗುತ್ತದೆ.

ಕರು ಹಾಕುವಾಗ ವಿಪರೀತ ಕೊಬ್ಬಿದ ಹಸು ಆಮೇಲೆ ಮೇವು ಕಡಿಮೆ ತಿನ್ನುತ್ತದೆ, ಹೆಚ್ಚು ಕರಗುತ್ತದೆ. ಐದರ ಅಳತೆಯಲ್ಲಿ ಮೂರೂಕಾಲರಿಂದ ಮೂರೂವರೆಯ ಮೈಕಟ್ಟು ಸಾಕು. ಅಂದಹಾಗೆ, ಅದೇ ಹಟ್ಟಿಯ ಮೂಲೆಯಲ್ಲಿ ಅಕ್ಕಚ್ಚು ಕುಡಿದು ತೋಟದ ಹುಲ್ಲು ಮೇಯುವ ಒಂದು ಕಾಸರಗೋಡು ಗಿಡ್ಡ ಇತ್ತು. ದಿನಕ್ಕೆ ಎರಡು ಲೀಟರ್ ಹಾಲಿನ ಆ ಹಸುವಿಗೆ ಇಂಥ ಯಾವ ತಾಪತ್ರಯವೂ ಇರಲಿಲ್ಲ.

ಕೈಹಾಕಿದಾಗ ಮೊದಲು ಗರ್ಭಕೋಶ, ಆಮೇಲೆ ಅಂಡಾಶಯ. ಗಬ್ಬದ ಹಸುವೂ ಕೆಲವೊಮ್ಮೆ ಬೆದೆ ತೋರಿಸುತ್ತದೆ. ನೋಡದೆ ಪ್ರೊಸ್ಟಾಗ್ಲಾಂಡಿನ್ ಹಾರ್ಮೋನ್ ಚುಚ್ಚಿದರೆ ಗಬ್ಬ ಬಿದ್ದುಹೋಗುತ್ತದೆ. ಮಾಗಿದ ಕೋಶಿಕೆ ಎರಡು ಸೆಂಟಿಮೀಟರ್ ದಾಟುವುದು ಅಪರೂಪ. ಸುಲಿದ ಚಾಲಿ ಅಡಿಕೆಯಷ್ಟು ಅಥವಾ ಅದಕ್ಕಿಂತ ದೊಡ್ಡ ಗುಳ್ಳೆ ಬೆರಳಿಗೆ ಸಿಕ್ಕಿ, ಎರಡೂ ಅಂಡಾಶಯಗಳಲ್ಲಿ ಕಾರ್ಪಸ್ ಲೂಟಿಯಂ (ಕೋಶಿಕೆ ಒಡೆದ ಜಾಗದಲ್ಲಿ ಬೆಳೆಯುವ ಗಂಟು) ಇಲ್ಲದಿದ್ದರೆ ಮಾತ್ರ ನೀರುಗುಳ್ಳೆ ಎನ್ನುತ್ತೇನೆ. ಒಳಗೆ ಸ್ವಲ್ಪ ನೀರು ತುಂಬಿದ ಕಾರ್ಪಸ್ ಲೂಟಿಯಂ ರೋಗವಲ್ಲ, ಅಂಥ ಹಸು ಗಬ್ಬವೂ ನಿಲ್ಲುತ್ತದೆ. ಗೋಡೆ ತೆಳುವಾದ ಗುಳ್ಳೆ ಯಾವುದು, ಮೂರು ಮಿಲಿಮೀಟರ್‌ಗಿಂತ ದಪ್ಪ ಗೋಡೆಯ, ಗಬ್ಬ ಕಾಯುವ ಹಾರ್ಮೋನ್ ಪ್ರೊಜೆಸ್ಟರಾನ್ ಸುರಿಸುವ ಗುಳ್ಳೆ ಯಾವುದು ಎಂದು ಬೆರಳಿನಿಂದಲೇ ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಸ್ಕ್ಯಾನರ್ ಬೇಕು. ಇಲ್ಲದ ಕಡೆ ಹತ್ತು ದಿನ ಬಿಟ್ಟು ಮತ್ತೆ ನೋಡುತ್ತೇನೆ. ಹಿಂದೆ ಗುಳ್ಳೆಯನ್ನು ಬೆರಳಲ್ಲೇ ಹಿಸುಕಿ ಒಡೆಯುತ್ತಿದ್ದರು. ರಕ್ತಸ್ರಾವವಾಗಿ ಸುತ್ತಲಿನ ಪೊರೆ ಅಂಟಿಕೊಂಡರೆ ಹಸು ಶಾಶ್ವತವಾಗಿ ಬಂಜೆಯಾಗಬಹುದು.

ಇನ್ನು ಕೀಟೋನ್. ಯೋನಿಯ ಕೆಳಗೆ ಮೆಲ್ಲಗೆ ಸವರಿದರೆ ಹಸು ಮೂತ್ರ ಮಾಡುತ್ತದೆ. ಅದರ ಕೆಲವು ಹನಿ ರೊಥೆರಾ ಪುಡಿಯ ಮೇಲೆ ಬಿದ್ದು ನೇರಳೆ ಬಣ್ಣ ಬಂದರೆ ಕೀಟೋನ್ ಇದೆ. ಮನುಷ್ಯರಿಗೆ ಬಳಸುವ ಕೀಟೋನ್ ಮೀಟರ್ ಇನ್ನೂ ಅನುಕೂಲ, ಬಾಲದ ರಕ್ತನಾಳದ ಒಂದು ಹನಿ ಸಾಕು. ಲೀಟರಿಗೆ 1.2 ಮಿಲಿಮೋಲ್ ದಾಟಿದರೆ ಹೊರಗೆ ಕಾಣದ ಕೀಟೋಸಿಸ್. ಹೊಟ್ಟೆಯಡಿಯ ಹಾಲಿನ ನರದಿಂದ ರಕ್ತ ತೆಗೆಯಬಾರದು. ಕೆಚ್ಚಲು ಕೀಟೋನನ್ನು ಹೀರಿಕೊಂಡಿರುವುದರಿಂದ ಅಲ್ಲಿ ಅಂಕಿ ಕಡಿಮೆ ತೋರಿಸುತ್ತದೆ.

ಪೆರ್ಲದ ಹಸುವಿನಲ್ಲಿ ಮೀಟರ್ ಏನನ್ನೂ ಹೇಳಲಿಲ್ಲ. ಕರು ಹಾಕಿ ಮೂರು ತಿಂಗಳು ಕಳೆದಿತ್ತು, ತಿನ್ನುವುದು ಸರಿಹೋಗಿತ್ತು, ರಕ್ತದಲ್ಲಿ ಕೀಟೋನ್ ಹೆಚ್ಚಿರಲಿಲ್ಲ. ಗುಳ್ಳೆ ಮಾತ್ರ ಉಳಿದುಕೊಂಡಿತ್ತು. ಸೊಸೈಟಿಯ ಚೀಟಿ ಇಲ್ಲದಿದ್ದರೆ ಮೊದಲ ವಾರಗಳ ಕಥೆ ಗೊತ್ತಾಗುತ್ತಲೇ ಇರಲಿಲ್ಲ. ಮೊದಲು ಎಲ್‌ಎಚ್ ಉಕ್ಕಿಸುವ ಜಿಎನ್‌ಆರ್‌ಎಚ್ ಬಗೆಯ ಹಾರ್ಮೋನ್, ಏಳು ದಿನ ಬಿಟ್ಟು ಪ್ರೊಸ್ಟಾಗ್ಲಾಂಡಿನ್: ಗುಳ್ಳೆ ಯಾವ ಬಗೆಯದಾದರೂ ಈ ಕ್ರಮ ಹೊಂದುವುದರಿಂದ ನನಗೆ ಇದೇ ಇಷ್ಟ. ಆ ಬಗೆಯ ಬ್ಯುಸೆರೆಲಿನ್ ಕೊಟ್ಟೆ, ಮುಂದಿನದ್ದನ್ನು ಅದೇ ಕ್ರಮದಲ್ಲಿ ಮಾಡಿದೆ, ಹಸು ಗಬ್ಬ ನಿಂತಿತು. ಕರು ಹಾಕಿದ ಮೊದಲ ಕೆಲವು ವಾರಗಳಲ್ಲೇ ಗುಳ್ಳೆ ಸಿಕ್ಕಿದ್ದರೆ ಏನೂ ಕೊಡದೆ ಕಾಯುತ್ತಿದ್ದೆ, ಎಷ್ಟೋ ಗುಳ್ಳೆಗಳು ತಾವಾಗಿಯೇ ಇಳಿಯುತ್ತವೆ.

ಆ ಹಸು ಮತ್ತೆ ಕರು ಹಾಕಿದಾಗ ಎರಡನೆಯ ವಾರದಲ್ಲೇ ಹೋಗಿ ರಕ್ತ ನೋಡಿದೆ. ಅಂಕಿ 1.2ರ ಮೇಲಿತ್ತು, ಹಿಂಡಿಯ ಬಕೆಟ್ ಅರ್ಧ ಉಳಿದಿತ್ತು. ದಿನಕ್ಕೆ 300 ಮಿಲಿಲೀಟರ್ ಪ್ರೊಪಿಲೀನ್ ಗ್ಲೈಕಾಲನ್ನು ಐದು ದಿನ ಕುಡಿಸಲು ಹೇಳಿದೆ, ಹಿಂಡಿಯನ್ನು ಎರಡು ಹೊತ್ತಿನ ಬದಲು ನಾಲ್ಕು ಹೊತ್ತಿಗೆ ಹಂಚಿಸಿದೆ. ಫ್ಯಾಟ್ ಸ್ವಲ್ಪ ಇಳಿಯಿತೆಂದು ಒಡತಿ ಫೋನಿನಲ್ಲಿ ಗೊಣಗಿದರು. ಈ ಸಲ ಬೆದೆ 21 ದಿನಕ್ಕೇ ಬರುತ್ತಿದೆ.