ಶಿಫ್ಟ್ ಎಫ್10, ಆಮೇಲೆ 5

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಅರ್ಜಿ ಹಾಕುವ ದಿನಗಳು ಬಂದರೆ ಬೆಳಗಿನಿಂದ ಸಂಜೆವರೆಗೂ ಒಂದೇ ಕೆಲಸ. ಗಿರಾಕಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾರೆ, ಅರ್ಜಿ 50 ಕೆಬಿ ಒಳಗೆ ಕೇಳುತ್ತದೆ, ನಾನು ಪೇಂಟ್ ತೆಗೆದು ಸೈಜ್ ಇಳಿಸಿ ಸೇವ್ ಮಾಡಿ ನೋಡಿದರೆ ಇನ್ನೂ 62, ಮತ್ತೆ ಇಳಿಸು! ಒಂದು ಸಲ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371-ಜೆ ಸರ್ಟಿಫಿಕೇಟಿಗೆ ಅರ್ಜಿ ಹಾಕಲು ಆಳಂದ ಕಡೆಯಿಂದ ಬಂದಿದ್ದ ಹಿರಿಯರು "ಜಲ್ದಿ ಮಾಡಪಾ ತಮ್ಮಾ, ಬಸ್ ಹೋಗ್ತದ" ಅಂದರು. ಅವತ್ತು ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ಕೂತೆ.

ಫೋಟೋ ಸೈಜ್ ಇಳಿಸುವ ಕೆಲಸಕ್ಕೆ ಇಮೇಜ್‌ಮ್ಯಾಜಿಕ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆ, ಫ್ರೀ ಇದೆ. ಅದಕ್ಕೆ ಇಷ್ಟು ಕೆಬಿ ಒಳಗೆ ಬೇಕು ಅಂತ ಹೇಳಿದರೆ ಕ್ವಾಲಿಟಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನಾನು 45 ಅಂತ ಕೊಟ್ಟಿದ್ದೀನಿ, ಅಂಚಿಗೆ ಹೋಗುವ ಉಸಾಬರಿ ಯಾಕೆ ಅಲ್ವಾ. ಆ ಕಮಾಂಡನ್ನು ಒಂದು ಬ್ಯಾಚ್ ಫೈಲಿನಲ್ಲಿ, ಅಂದರೆ ತೆರೆದರೆ ಒಳಗಿನ ಕಮಾಂಡ್ ತಾನೇ ಓಡುವ ಫೈಲಿನಲ್ಲಿ, ಬರೆದಿಟ್ಟೆ. ಹೊಸ ಫೋಟೋ ಬೇರೆ ಹೆಸರಲ್ಲಿ ಸೇವ್ ಆಗುವ ಹಾಗೆ ಮಾಡಿ, ಇಲ್ಲಾಂದ್ರೆ ಗಿರಾಕಿಯ ಒರಿಜಿನಲ್ ಹೋಗುತ್ತದೆ.

ಇನ್ನು ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಮೆನುವಿನಿಂದಲೇ ಆ ಫೈಲ್ ಓಡಬೇಕು. ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ ರೆಜಿಸ್ಟ್ರಿ, ಅದರ ಎಡಿಟರ್‌ನಲ್ಲಿ ಕರೆಂಟ್ ಯೂಸರ್ ಕೆಳಗೆ ಸಾಫ್ಟ್‌ವೇರ್, ಅದರೊಳಗೆ ಕ್ಲಾಸಸ್, ಅದರೊಳಗೆ ಸಿಸ್ಟಮ್‌ಫೈಲ್‌ಅಸೋಸಿಯೇಷನ್ಸ್, ಅಲ್ಲಿ .ಜೆಪಿಜಿ, ಅದರ ಕೆಳಗೆ ಶೆಲ್. ಇವು ಫೋಲ್ಡರ್ ಥರ, ಕೀ ಅಂತಾರೆ, ಇಲ್ಲದ ಕೀಗಳನ್ನು ನಾವೇ ಮಾಡಿಕೊಳ್ಳಬೇಕು. ಶೆಲ್ ಒಳಗೆ ನಮ್ಮದೊಂದು ಕೀ, ಅದರೊಳಗೆ ಕಮಾಂಡ್ ಅನ್ನೋ ಕೀ, ಅದರಲ್ಲಿ ಬ್ಯಾಚ್ ಫೈಲಿನ ದಾರಿ, ಕೊನೆಗೆ %1, ಅಂದರೆ ನಾವು ಆರಿಸಿದ ಫೈಲಿನ ಹೆಸರು ಕೂರುವ ಜಾಗ. ಕರೆಂಟ್ ಯೂಸರ್ ಕೆಳಗೆ ಮಾಡಿದರೆ ಅಡ್ಮಿನ್ ಪಾಸ್‌ವರ್ಡ್ ಬೇಡ.

ಫೋಟೋ1 ಅಂತ ಒಂದು ಫೈಲ್ ಇಟ್ಟು ನೋಡಿದೆ, ಚಕ್ಕನೆ ಆಯಿತು. ಮರುದಿನ ಗಿರಾಕಿ ಎದುರಿಗೆ ಎರಡು ಸಲ ಕೈಕೊಟ್ಟಿತು. ಮೊದಲು ಮೆನುವಿನಲ್ಲಿ ನನ್ನ ಸಾಲೇ ಇಲ್ಲ, ಯಾಕಂದ್ರೆ ವಾಟ್ಸಾಪ್ ಫೋಟೋ ಡೌನ್‌ಲೋಡ್ ಆಗೋದು .ಜೆಪಿಇಜಿ ಅಂತ, ನಾನು ಹೇಳಿದ್ದು .ಜೆಪಿಜಿಗೆ ಮಾತ್ರ. ಅದಕ್ಕೂ ಒಂದು ಕೀ ಸೇರಿಸಿದೆ. ಆಗ ಸಾಲು ಬಂತು, ಒತ್ತಿದರೆ ಕಪ್ಪು ಕಿಟಕಿ ಮಿಂಚಿ ಮಾಯ, ಫೋಟೋ ಮಾತ್ರ ಇಲ್ಲ. ಬ್ಯಾಚ್ ಫೈಲಿನ ಕೊನೆಗೆ ಪಾಜ್ ಅಂತ ಹಾಕಿ ಕಿಟಕಿ ನಿಲ್ಲಿಸಿದ ಮೇಲೆ ಗೊತ್ತಾಯಿತು, 'ವಾಟ್ಸಾಪ್' ಅನ್ನೋ ಫೈಲ್ ಸಿಗಲಿಲ್ಲ ಅಂತ ಗೊಣಗುತ್ತಿದೆ! ವಾಟ್ಸಾಪ್ ಕೊಡುವ ಹೆಸರಿನ ತುಂಬಾ ಸ್ಪೇಸ್ ಇರುತ್ತದೆ, ಮೊದಲ ಸ್ಪೇಸಿಗೇ ಹೆಸರು ತುಂಡಾಗಿದೆ. %1 ಅನ್ನು "%1" ಮಾಡಿದೆ, ಎರಡು ಪುಟ್ಟ ಗುರುತು, ಅಷ್ಟೇ. ಇದು ರೆಜಿಸ್ಟ್ರಿಯಲ್ಲಿ, ಬ್ಯಾಚ್ ಫೈಲಿನಲ್ಲಿ ಮಾತ್ರ "%~1" ಅಂತ ಬರೆಯಬೇಕು, ಇಲ್ಲಾಂದ್ರೆ ಗುರುತು ಎರಡೆರಡು ಸಲ ಬಿದ್ದು ಹೆಸರು ಮತ್ತೆ ತುಂಡಾಗುತ್ತದೆ.

ಮೆನುವಿನ ಹೆಸರನ್ನು ಕನ್ನಡದಲ್ಲೇ ಇಟ್ಟೆ, 'ಫೋಟೋ &50 ಕೆಬಿ' ಅಂತ. & ಯಾವುದರ ಮುಂದೆ ಇರುತ್ತದೋ ಅದೇ ಶಾರ್ಟ್‌ಕಟ್. ವಿಂಡೋಸ್ 11ರಲ್ಲಿ ಇಂಥ ಸಾಲುಗಳು ಶೋ ಮೋರ್ ಆಪ್ಷನ್ಸ್ ಹಿಂದೆ ಅವಿತಿರುತ್ತವೆ, ಶಿಫ್ಟ್ ಎಫ್10 ಒತ್ತಿದರೆ ಪೂರ್ತಿ ಮೆನು ನೇರ ಬರುತ್ತದೆ. ಹಾಗಾಗಿ ಫೈಲ್ ಆರಿಸಿ, ಶಿಫ್ಟ್ ಎಫ್10, 5. ಮೌಸ್ ಮುಟ್ಟೋದೇ ಬೇಡ.

ಒಂದೇ ಸಲಕ್ಕೆ 15ಕ್ಕಿಂತ ಜಾಸ್ತಿ ಫೋಟೋ ಆರಿಸಿದರೆ ಸಾಲು ಮಾಯವಾಗುತ್ತದೆ, ಅದು ವಿಂಡೋಸ್‌ನ ಲೆಕ್ಕ, ಗಾಬರಿ ಬೇಡ. ನಾನು ಹತ್ತು ಹತ್ತು ಮಾಡ್ತೀನಿ.