ಅಮೆರಿಕದಲ್ಲಿ ಸಿಎನ್‌ಎ ಆಗಬೇಕಾ? ಫೀಸು ಕಟ್ಟುವ ಮುಂಚೆ ಇದನ್ನು ಓದಿ

ಗ್ರೀನ್ ಕಾರ್ಡ್ ಬಂತು ಅಥವಾ ಎಚ್4 (ಎಚ್1ಬಿಯವರ ಸಂಗಾತಿಯ ವೀಸಾ) ಮೇಲೆ ಇಎಡಿ, ಅಂದರೆ ಕೆಲಸದ ಪರ್ಮಿಟ್ ಸಿಕ್ಕಿತು, ಮಕ್ಕಳು ಸ್ಕೂಲಿಗೆ ಹೋಗುತ್ತಾರೆ, ಇನ್ನು ಏನಾದರೂ ಕೆಲಸ ಹಿಡಿಯಬೇಕು ಅನ್ನುವ ನಮ್ಮವರಲ್ಲಿ ಕೆಲವರು ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್, ಅಂದರೆ ಸಿಎನ್‌ಎ ಬಗ್ಗೆ ಕೇಳುತ್ತಾರೆ. ಕೋರ್ಸ್ ಚಿಕ್ಕದು, ಡಿಗ್ರಿ ಬೇಡ. ಇಎಡಿ ಇಲ್ಲದ ಎಚ್4ನಲ್ಲಿ ಓದಬಹುದು, ಆದರೆ ಕೆಲಸ ಮಾಡುವಂತಿಲ್ಲ. ಅದನ್ನು ಮೊದಲೇ ನೋಡಿಕೊಳ್ಳಿ.

ಸಿಎನ್‌ಎ ಅಂದರೆ ನರ್ಸ್ ಅಲ್ಲ. ಇಂಜೆಕ್ಷನ್ ಚುಚ್ಚುವುದು, ಮಾತ್ರೆ ಕೊಡುವುದು ಇವರ ಕೆಲಸ ಅಲ್ಲ. ಹಾಸಿಗೆಯಿಂದ ಎಬ್ಬಿಸುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಟಾಯ್ಲೆಟ್‌ಗೆ ಕರೆದುಕೊಂಡು ಹೋಗುವುದು, ಡೈಪರ್ ಬದಲಿಸುವುದು, ನಾಡಿ ಎಣಿಸಿ ಬರೆದಿಡುವುದು, ಇದೇ ದಿನವಿಡೀ. ಬೇರೆಯವರ ಮೈ ತೊಳೆಯಲು ಮನಸ್ಸು ಒಪ್ಪದಿದ್ದರೆ ಇಲ್ಲೇ ಬಿಟ್ಟುಬಿಡಿ, ತಪ್ಪೇನಿಲ್ಲ. ಆದರೆ ಊರಲ್ಲಿ ನಾಲ್ಕು ಜನ ಏನಂತಾರೆ ಅನ್ನುವುದೊಂದೇ ಅಡ್ಡಿಯಾಗಿದ್ದರೆ, ಆ ನಾಲ್ಕು ಜನ ನಿಮ್ಮ ಬಾಡಿಗೆ ಕಟ್ಟುವುದಿಲ್ಲ, ಮುಂದೆ ಓದಿ. ಸಂಬಳ ಜಾಸ್ತಿ ಇಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಊರಲ್ಲಿ ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಮುಗಿಸಿ ಬಂದವರು ಇದನ್ನು ಮೆಟ್ಟಿಲು ಮಾಡಿಕೊಳ್ಳಬಹುದು, ಆದರೆ ನಿಮ್ಮ ದಾರಿ ಎನ್‌ಕ್ಲೆಕ್ಸ್, ಅಂದರೆ ಇಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ, ಅದನ್ನು ಮರೆಯಬೇಡಿ.

ಈಗ ದುಡ್ಡಿನ ವಿಷಯ. ಸುಮ್ನೆ ಹೋಗಿ ಖಾಸಗಿ ಸ್ಕೂಲಿಗೆ ಫೀಸು ಕಟ್ಟಬೇಡಿ. 1987ರಲ್ಲಿ ಬಂದ ಒಬ್ರಾ ಅನ್ನುವ ಫೆಡರಲ್ ಕಾನೂನಿನಿಂದಲೇ ಈ ಟ್ರೇನಿಂಗ್ ಕಡ್ಡಾಯವಾಗಿದ್ದು. ಮೆಡಿಕೇರ್, ಮೆಡಿಕೇಡ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಗಳ ದುಡ್ಡು ಪಡೆಯುವ ನರ್ಸಿಂಗ್ ಹೋಮ್ (ಇಲ್ಲಿ ಅದು ವಯಸ್ಸಾದವರು ಉಳಿದುಕೊಳ್ಳುವ ಜಾಗ, ನಮ್ಮೂರಿನ ಸಣ್ಣ ಆಸ್ಪತ್ರೆ ಅಲ್ಲ) ನಿಮಗೆ ಮೊದಲೇ ಕೆಲಸ ಅಥವಾ ಆಫರ್ ಕೊಟ್ಟಿದ್ದರೆ, ಟ್ರೇನಿಂಗ್‌ಗೂ ಪುಸ್ತಕಕ್ಕೂ ನಿಮ್ಮಿಂದ ಒಂದು ಡಾಲರ್ ಕೂಡ ಕೇಳುವಂತಿಲ್ಲ. ನಿಮ್ಮ ದುಡ್ಡಿನಲ್ಲೇ ಕಲಿತು 12 ತಿಂಗಳೊಳಗೆ ಅಂಥ ಕಡೆ ಸೇರಿದರೂ ಖರ್ಚು ವಾಪಸ್ ಕೇಳಲು ದಾರಿ ಇದೆ, ರಸೀದಿ ಎಸೆಯಬೇಡಿ. ಹಾಗಾಗಿ ಮೊದಲು ಮನೆಯ ಹತ್ತಿರದ ನಾಲ್ಕಾರು ನರ್ಸಿಂಗ್ ಹೋಮ್‌ಗಳಿಗೆ ಫೋನ್ ಮಾಡಿ, ಟ್ರೇನಿಂಗ್ ಕೊಟ್ಟು ಕೆಲಸಕ್ಕೆ ತಗೋತೀರಾ ಅಂತ ನೇರವಾಗಿ ಕೇಳಿ. ಅದು ಆಗದಿದ್ದರೆ ಕಮ್ಯುನಿಟಿ ಕಾಲೇಜು. ಎಲ್ಲೇ ಸೇರಿದರೂ ನಿಮ್ಮ ರಾಜ್ಯ ಒಪ್ಪಿದ ಕೋರ್ಸ್‌ಗಳ ಪಟ್ಟಿಯಲ್ಲಿ ಅದರ ಹೆಸರು ಇರಲೇಬೇಕು.

ಫೆಡರಲ್ ಲೆಕ್ಕದಲ್ಲಿ ಕನಿಷ್ಠ 75 ಗಂಟೆ ಸಾಕು, ಆದರೆ ಟೆಕ್ಸಾಸ್ 100 ಕೇಳುತ್ತದೆ, ಕ್ಯಾಲಿಫೋರ್ನಿಯಾ 160. ಟಿಬಿ ಪರೀಕ್ಷೆ, ಲಸಿಕೆ ದಾಖಲೆ, ಬೆರಳಚ್ಚು, ಹಿನ್ನೆಲೆ ತಪಾಸಣೆ ಇವೆಲ್ಲ ಸಾಮಾನ್ಯವಾಗಿ ಶುರುವಿನಲ್ಲೇ ಬರುತ್ತವೆ. ಕ್ಲಿನಿಕಲ್, ಅಂದರೆ ನಿಜವಾದ ರೋಗಿಗಳ ಜೊತೆಗಿನ ಅಭ್ಯಾಸ, ಅನೇಕ ಕಡೆ ಬೆಳಿಗ್ಗೆ 7ಕ್ಕೋ ಅದಕ್ಕೂ ಮುಂಚೆಯೋ ಶುರು, ಆ ಹೊತ್ತಿಗೆ ಬಸ್ಸು ನಂಬುವಂತಿಲ್ಲ, ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡಿರಿ.

ಪಾಠ ಕಷ್ಟ ಇಲ್ಲ. ನಮ್ಮವರು ಎಡವುವುದು ಬೇರೆ ಕಡೆ. ನಾವು ವಯಸ್ಸಾದವರಿಗೆ ಎಲ್ಲವನ್ನೂ ಮಾಡಿಕೊಡುವುದೇ ಪ್ರೀತಿ ಅಂದುಕೊಂಡು ಬೆಳೆದವರು, ತುತ್ತು ಮಾಡಿ ಬಾಯಿಗಿಡುತ್ತೇವೆ, ಗುಂಡಿ ಹಾಕುತ್ತೇವೆ, ಅಜ್ಜಿ ಏಳಬೇಡಿ ಅನ್ನುತ್ತೇವೆ. ಇಲ್ಲಿ ಅದು ತಪ್ಪು. ಅವರ ಕೈಲಿ ಆಗುವುದನ್ನು ಅವರೇ ಮಾಡಲು ಬಿಡಬೇಕು, ಒಂದು ಗುಂಡಿ ಹಾಕಲು ಐದು ನಿಮಿಷ ಆದರೂ ಸರಿ, ಕಾನೂನೇ ಹಾಗೆ ಹೇಳುತ್ತದೆ. ಬಾಗಿಲು ತಟ್ಟಿ ಒಳಗೆ ಹೋಗಿ. ಏನಂತ ಕರೆಯಲಿ ಅಂತ ಅವರನ್ನೇ ಕೇಳಿ, ನೀವಾಗಿ ಹನಿ, ಗ್ರಾಂಡ್ಮಾ ಅನ್ನಬೇಡಿ. ಸ್ನಾನ ಬೇಡ ಅಂದರೆ ಬೇಡ ಅನ್ನುವ ಹಕ್ಕು ಅವರಿಗಿದೆ. ನೀವು ಒತ್ತಾಯ ಮಾಡುವಂತಿಲ್ಲ, ಹೋಗಿ ನರ್ಸ್‌ಗೆ ತಿಳಿಸಿ. ಇನ್ನೊಂದು, ಸಸ್ಯಾಹಾರಿಗಳು ಕೇಳಿಸಿಕೊಳ್ಳಿ, ತಟ್ಟೆಯಲ್ಲಿ ಬೀಫ್ ಇದ್ದರೂ ನೀವೇ ತಿನ್ನಿಸಬೇಕಾಗುತ್ತದೆ. ಅದಕ್ಕೆ ಸೇರುವ ಮುಂಚೆಯೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಪರೀಕ್ಷೆ ಎರಡು ಭಾಗ. ಬಹಳ ರಾಜ್ಯಗಳಲ್ಲಿ ನಡೆಯುವ ಎನ್‌ಎನ್‌ಎಎಪಿ ಅನ್ನುವ ಸಿಎನ್‌ಎ ಪರೀಕ್ಷೆಯಲ್ಲಿ 70 ಪ್ರಶ್ನೆಗಳ ಬರವಣಿಗೆ ಪರೀಕ್ಷೆ, ಮತ್ತೆ ಪರೀಕ್ಷಕರ ಮುಂದೆ ಐದು ಕೆಲಸ ಮಾಡಿ ತೋರಿಸಬೇಕು. ಕೈ ತೊಳೆಯುವುದು ಅದರಲ್ಲಿ ಇದ್ದೇ ಇರುತ್ತದೆ. ನಗಬೇಡಿ, ಜನ ಫೇಲಾಗುವುದೇ ಇಲ್ಲಿ. ಬೆರಳ ತುದಿ ಮೊಣಕೈಗಿಂತ ಕೆಳಗಿರಬೇಕು, ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಬೇಕು, ಸಿಂಕಿನ ಒಳಗೋಡೆ ತಾಗಬಾರದು, ನಲ್ಲಿಯನ್ನು ಪೇಪರ್ ಟವೆಲ್ ಹಿಡಿದು ನಿಲ್ಲಿಸಬೇಕು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ, 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸುವ ಚಾಲಾಕಿತನ ಬೇಡ. ಪರೀಕ್ಷಕರ ಎಣಿಕೆಗೂ ನಿಮ್ಮದಕ್ಕೂ ನಾಲ್ಕಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹೋಯಿತು. ಬಟ್ಟೆ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಗಾಲಿಕುರ್ಚಿಗೆ ಕೂರಿಸುವ ಮುಂಚೆ ಅದರ ಬ್ರೇಕ್ ಹಾಕಿ. ಕೊನೆಗೆ ಮಂಚ ತಗ್ಗಿಸಿ, ಕಾಲ್ ಬಟನ್ ಕೈಗೆ ಎಟಕುವ ಹಾಗಿಡಿ.

ಇದನ್ನೆಲ್ಲ ಓದಿ ಕಲಿಯಲು ಆಗುವುದಿಲ್ಲ. ಮನೆಯವರನ್ನು ಮಂಚದ ಮೇಲೆ ಮಲಗಿಸಿ, ಮಾಡುವ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಹೇಳುತ್ತಾ ಮಾಡಿ, ಯಾಕೆಂದರೆ ಮಾಡುವ ಮೊದಲು ರೋಗಿಗೆ ಹೇಳುವುದಕ್ಕೂ ಅಂಕ ಇದೆ. ಏನಾದರೂ ಬಿಟ್ಟುಹೋಯಿತು ಅಂತ ನಡುವೆ ಹೊಳೆದರೆ ಗಾಬರಿಯಾಗಬೇಡಿ, ಅದನ್ನು ಸರಿಪಡಿಸುತ್ತೇನೆ ಅಂತ ಹೇಳಿ ಸರಿಯಾಗಿ ಮಾಡಿ ತೋರಿಸಿ. ಫೇಲಾದರೂ ಒಟ್ಟು ಕನಿಷ್ಠ ಮೂರು ಅವಕಾಶ ಇರುತ್ತದೆ.

ಪಾಸಾದ ಮೇಲೆ ರಾಜ್ಯದ ರಿಜಿಸ್ಟ್ರಿಯಲ್ಲಿ ಹೆಸರು ಬರುತ್ತದೆ. ಸತತ 24 ತಿಂಗಳು ಸಂಬಳಕ್ಕೆ ಈ ಕೆಲಸ ಮಾಡದಿದ್ದರೆ ಮತ್ತೆ ಟ್ರೇನಿಂಗೋ ಪರೀಕ್ಷೆಯೋ ತಪ್ಪಿದ್ದಲ್ಲ. ಮನೆಯವರ ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋಗುವ ಹಾಗಾದರೆ, ಹಳೇ ರಿಜಿಸ್ಟ್ರಿಯಲ್ಲಿ ಹೆಸರು ಚಾಲ್ತಿಯಲ್ಲಿ ಇರುವಾಗಲೇ ಹೊಸ ರಾಜ್ಯಕ್ಕೆ ವರ್ಗಾವಣೆಗೆ ಅರ್ಜಿ ಹಾಕಿ.